ಹೆಲ್ಮಿ ನೋಡುತ್ತಿದ್ದದ್ದು

“ಸ್ವಲ್ಪ ಕಡಲಿನ ಕಡೆ ನೋಡು, ಉರ್ವೆ. ತುಟಿ ಒಂಚೂರು ಬಿಡು,” ಎಂದ ರೈಗೋ, ಕ್ಯಾಮೆರಾದ ಹಿಂದಿನಿಂದ.

ಕಡಲೆಲ್ಲಿತ್ತು ನೋಡಲಿಕ್ಕೆ? ಬೆಳಗಿನಿಂದ ಕಿಹ್ನು ದ್ವೀಪದ ಮೇಲೆ ಮಂಜು ಕಾಲು ಚಾಚಿ ಮಲಗಿಬಿಟ್ಟಿತ್ತು. ನೀರು, ದಡ, ಆಕಾಶ ಒಂದರೊಳಗೊಂದು ಕರಗಿಹೋಗಿದ್ದವು. ಎದ್ದು ಕಾಣುತ್ತಿದ್ದದ್ದು ಉರ್ವೆ ಉಟ್ಟ ಕೆಂಪು ಪಟ್ಟೆಯ ಲಂಗವೊಂದೇ. ಅವಳ ಹಾಡಿಗೆ ವಿಡಿಯೋ ಮಾಡಲು ರಾಜಧಾನಿ ಟಾಲಿನ್‌ನಿಂದ ಬಂದ ರೈಗೋ ಅದನ್ನೇ ಆರಿಸಿದ್ದ. ಮಂಜಿಗೆ ಕೆಂಪು ಒಪ್ಪುತ್ತದಂತೆ.

ಬಂಡೆಯ ಮೇಲೆ ಕಾಲ್ಚೀಲ ಹೆಣೆಯುತ್ತ ಕೂತಿದ್ದ ಉರ್ವೆಯ ತಾಯಿ ಹೆಲ್ಮಿ ತಲೆಯೆತ್ತಲಿಲ್ಲ. “ಇದು ಯಾರ ಹಾಡೇ?”

“ನಿಂದೇ ಅಲ್ವೇನಮ್ಮ, ನಿನ್ನ ಮೇಲೇ ನಾನು ಕಟ್ಟಿದ್ದು. ಅಪ್ಪನ ದೋಣಿ ವಾಪಸ್ ಬರದ ವರ್ಷದ್ದು.”

“ಹಂಗಾದ್ರೆ ಆ ವರ್ಷ ನಾನು ಕೆಂಪು ಉಟ್ಕೊಂಡು ಮೆರೀತಿದ್ನಾ? ಊರ ಹೆಂಗಸರು ಕಂಡಿದ್ರೆ, ಹೆಲ್ಮಿ ಆಗ್ಲೇ ಇನ್ನೊಬ್ಬನ್ನ ಹುಡುಕ್ಕೊಂಡ್ಲು ಅಂತಿದ್ರು.”

ಉರ್ವೆಯ ಮುಖ ಕಾದುಹೋಯಿತು. ದುಃಖದಲ್ಲಿರುವವಳ ಲಂಗ ಕಪ್ಪು, ದುಃಖ ತೆಳುವಾದಂತೆಲ್ಲ ನೇಯ್ಗೆಯಲ್ಲಿ ಒಂದೊಂದೇ ಕೆಂಪು ಎಳೆ ಸೇರುತ್ತದೆ ಎಂಬುದನ್ನು ಈ ದ್ವೀಪದ ಹುಡುಗಿಗೆ ಯಾರಾದರೂ ಹೇಳಿಕೊಡಬೇಕೇ? ಆದರೂ ಬೆಳಗಿನಿಂದ ಅವಳು ತನ್ನನ್ನು ರೈಗೋನ ಕಣ್ಣಿನಿಂದಲೇ ನೋಡಿಕೊಂಡು, ಚೆನ್ನಾಗಿದ್ದೇನೆ ಎಂದುಕೊಂಡಿದ್ದಳು. ನಾಚಿಕೆಯಾಯಿತು.

“ಕಪ್ಪು ಲಂಗ ತರ್ತೀನಿ,” ಎಂದಳು.

“ಕಪ್ಪು ಉಟ್ರೆ ನಿನ್ನ ಯಾರು ನೋಡ್ತಾರೆ?”

“ನನ್ನ ನೋಡೋದೇ ಬೇಡ, ರೈಗೋ. ಅಮ್ಮ ಆಗ ಏನು ನೋಡಿದ್ಲೋ ಅದು ಕಾಣ್ಲಿ.”

ಹಾಡಿನಲ್ಲಿ ಎಲ್ಲವೂ ಇತ್ತು. ಸಂಜೆಯಾದರೆ ಮಗಳನ್ನು ಬೈಕಿನ ಪಕ್ಕಕ್ಕೆ ಜೋಡಿಸಿದ ಸೈಡ್‌ಕಾರಿನಲ್ಲಿ ಕೂರಿಸಿಕೊಂಡು ದಡದುದ್ದಕ್ಕೂ ಹೋಗುವ ಹೆಂಗಸು, ನೀರಿನಿಂದ ಕೀಳಲಾರದ ಅವಳ ಕಣ್ಣು. ಆ ಸಾಲು ಬಂದಾಗ ಕೇಳುವವರು ಅಳುತ್ತಿದ್ದರು.

“ಅಮ್ಮಾ, ನೀರಲ್ಲಿ ಯಾವ ಕಡೆ ನೋಡ್ತಿದ್ದೆ? ದೀಪಸ್ತಂಭದ ಕಡೆಗಾ?”

ಹೆಣಿಗೆ ಕಡ್ಡಿಗಳು ನಿಂತವು. “ನೀರು ಯಾರು ನೋಡಿದ್ರು? ನೀರಿಗೆ ನನ್ನ ಕಂಡ್ರಾಗ್ತಿರ್ಲಿಲ್ಲ, ನನಗೆ ಅದನ್ನ ಕಂಡ್ರಾಗ್ತಿರ್ಲಿಲ್ಲ. ನಿನ್ನ ಟೊಪ್ಪಿ ನೋಡ್ತಿದ್ದೆ. ಗಾಳಿಗೆ ಹಾರಿ ಹೋದೀತು ಅಂತ. ಕಿವಿ ಮುಚ್ಕೊಳ್ಳೇ ಅಂದ್ರೆ ಕೇಳೋಳಾ ನೀನು?”

“ಹಾಡಲ್ಲಿ ಬರೀ ನೀರೇ ಇದೆಯಲ್ಲಮ್ಮ.”

“ಅದಕ್ಕೇ ಕೇಳಿದ್ದು, ಯಾರ ಹಾಡು ಅಂತ.”

ಉರ್ವೆ ಇಷ್ಟು ವರ್ಷ ಊರೂರಿನ ವೇದಿಕೆಯಲ್ಲಿ ಅಮ್ಮನ ಕಣ್ಣನ್ನು ಕಡಲಿಗೆ ನೆಟ್ಟು ಹಾಡಿದ್ದಳು. ಅಮ್ಮ ಅಪ್ಪನನ್ನು ಹುಡುಕುತ್ತಿದ್ದಾಳೆ, ತಾನಲ್ಲಿರುವುದೇ ಅವಳಿಗೆ ಮರೆತಿದೆ ಎಂದು ಸೈಡ್‌ಕಾರಿನಲ್ಲಿ ಕೂತ ಆ ಪುಟ್ಟ ವಯಸ್ಸಿನಲ್ಲೇ ಒಳಗೊಳಗೆ ನೊಂದುಕೊಂಡಿದ್ದಳು.

ರೈಗೋ ಕೆಟ್ಟವನಲ್ಲ. ಗಡ್ಡ ಕೆರೆದುಕೊಂಡು, ತಾಯಿ ನೋಡಿದ್ದೇ ಚಿತ್ರವಾಗಲಿ ಎಂದು ಬೆಂಕಿಪೆಟ್ಟಿಗೆಯಷ್ಟು ಪುಟ್ಟ ಕ್ಯಾಮೆರಾವೊಂದನ್ನು ತಂದು ಹೆಲ್ಮಿಯ ಹಣೆಗೆ ಕಟ್ಟಿದ.

“ಒಳ್ಳೇ ಗಣಿ ಕೆಲಸದವನ ಥರ ಮಾಡ್ಬಿಟ್ಯಲ್ಲಪ್ಪ,” ಎನ್ನುತ್ತ ಅವಳು ಬಂಡೆಯ ಪಕ್ಕ ನಿಲ್ಲಿಸಿದ್ದ ತನ್ನ ಹಳೆಯ ಬೈಕ್ ಹತ್ತಿದಳು. “ನಾನೇನು ಮಾಡ್ಬೇಕೀಗ?”

“ಏನೂ ಬೇಡ, ಅಮ್ಮ. ಆಗ ಹೋಗ್ತಿದ್ದ ಹಾಗೇ ಹೋಗಿ.”

ಉರ್ವೆ ಲಂಗದ ಬದಲು ಪ್ಯಾಂಟು ತೊಟ್ಟು, ಚಿಕ್ಕಂದಿನಂತೆ ಉಣ್ಣೆ ಟೊಪ್ಪಿ ಹಾಕಿ, ಮಂಡಿ ಮಡಚಿಕೊಂಡು ಸೈಡ್‌ಕಾರಿನಲ್ಲಿ ಕೂತಳು. ಬೈಕು ಮಂಜಿನೊಳಗೆ ಹೊಕ್ಕಿತು. ಹಾಡು ನುಡಿಸಲೆಂದು ರೈಗೋ ದಡದಲ್ಲಿಟ್ಟಿದ್ದ ಸ್ಪೀಕರಿನಿಂದ ಅವಳದೇ ದನಿ ಬೇರೆ ಯಾರದೋ ಎಂಬಂತೆ ಕೇಳಿ, ದೂರವಾಗಿ, ಇಲ್ಲವಾಯಿತು. ದಾರಿ ಕಾಣುತ್ತಿರಲಿಲ್ಲ. ಎಷ್ಟು ದೂರ ಬಂದರೋ, ತನಗೀಗ ಎಷ್ಟು ವಯಸ್ಸೋ ಅವಳಿಗೆ ತಿಳಿಯಲಿಲ್ಲ. ಎಡಕ್ಕೆ ಎಲ್ಲೋ ಅಲೆ ಮಗ್ಗುಲು ಬದಲಿಸಿತು. ಅವಳು ಆ ಕಡೆ ತಿರುಗಿದಳು.

ಆಗ ಹ್ಯಾಂಡಲ್ಲಿನಿಂದ ಒಂದು ಕೈ ಇಳಿದು ಬಂದು, ಅವಳ ಟೊಪ್ಪಿಯನ್ನು ಕಿವಿಯ ಮೇಲೆ ಎಳೆದು ಹೋಯಿತು.