ಒಂದು ಗೆರೆಯ ಅಂತರ

ವೆರ್ನಾ ಹಾಗ್ಲಂಡ್ ರೋಗಿಯಾಗಿ ನನ್ನ ವಾರ್ಡಿಗೇ ಬಂದಿದ್ದಾರೆಂದು ತಿಳಿದಾಗ ನನಗಾದದ್ದು ಸಂತೋಷವೇ.

ಡುಲುತ್‌ನ ನರ್ಸಿಂಗ್ ಶಾಲೆಯಲ್ಲಿ ಅವರು ನನ್ನ ಬೋಧಕಿ. ಸಿರಿಂಜಿಗೆ ಎಳೆದ ಇನ್ಸುಲಿನ್ನನ್ನು ಇನ್ನೊಬ್ಬರ ಕಣ್ಣು ಒಪ್ಪಿದ ಮೇಲೆಯೇ ರೋಗಿಗೆ ಚುಚ್ಚಬೇಕೆಂಬುದು ನಮ್ಮ ವೃತ್ತಿಯ ನಿಯಮ. ಅಂತಿಮ ಪರೀಕ್ಷೆಯಲ್ಲಿ ನಾನು ಹತ್ತು ಯೂನಿಟ್ ಎಳೆದು ತೋರಿಸಿದ್ದೆ. ಅವರು ಸಿರಿಂಜನ್ನು ಬೆಳಕಿಗೆ ಹಿಡಿದರು.

"ಹನ್ನೆರಡಿದೆ. ರೋಗೀನ ಕೊಲ್ತೀಯೇನೇ, ಮಾಕಿ?"

ತರಗತಿ ನಕ್ಕಿತು. ಅವರು ಔಷಧವನ್ನು ಸಿಂಕಿಗೆ ಚಿಮ್ಮಿಸಿದರು. ಅದರೊಂದಿಗೆ ನನ್ನ ಸಾಕ್ಷ್ಯವೂ ಹೋಯಿತು. ಅನುತ್ತೀರ್ಣಳಾದ ನಾನು ಒಂದು ವರ್ಷ ವೃದ್ಧಾಶ್ರಮದಲ್ಲಿ ಹಾಸಿಗೆ ಬದಲಿಸುತ್ತ, ನನ್ನ ಕಣ್ಣನ್ನೇ ಅನುಮಾನಿಸುತ್ತ ಕಳೆದೆ.

ಈಗ ಅವರ ಬಲಗಾಲಿನ ಹೆಬ್ಬೆರಳಿನ ಅಡಿಯಲ್ಲಿ ಹುಣ್ಣು. ಬೂಟಿನೊಳಗೆ ಸೇರಿದ್ದ ಕಲ್ಲು ದಿನವಿಡೀ ಒತ್ತಿದರೂ, ಜೋಮು ಹಿಡಿದ ಪಾದಕ್ಕೆ ಅದರ ಅರಿವಾಗಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಮಧುಮೇಹ ಹೊರಬಿತ್ತು. ವರ್ಷಗಳಿಂದ ಇದ್ದಿರಬೇಕೆಂದರು ವೈದ್ಯರು. ಮನೆಗೆ ಹೋಗುವ ಮುನ್ನ ಅವರು ತಾವೇ ಇನ್ಸುಲಿನ್ ಎಳೆದು ತೋರಿಸಬೇಕಿತ್ತು. ಒಪ್ಪಬೇಕಾದ ಕಣ್ಣು ನನ್ನದು. ಅವರು ತಪ್ಪಬೇಕು, ಎಲ್ಲರೆದುರಿಗೇ ತಪ್ಪಬೇಕು: ನನಗಿದ್ದುದು ಇದೊಂದೇ ಆಸೆ.

"ವಾರ್ಡಿಗೆ ತರಬೇತಿಗೆ ಬಂದ ನಿಮ್ಮ ವಿದ್ಯಾರ್ಥಿನಿಯರು ಇಲ್ಲೇ ಇದ್ದಾರೆ, ಮೇಡಂ. ಹೊರಗೆ ಕಳಿಸಲಾ?"

"ಯಾಕೆ? ನಿಂತು ನೋಡ್ಲಿ. ನಿನ್ ಥರ ಅಲ್ಲ, ಸರಿಯಾಗಿ ಎಳೆಯೋದು ಹೇಗೆ ಅಂತ ಕಲೀಲಿ."

ಬಾಟಲಿಯ ಮುಚ್ಚಳ ಒರೆಸಿದರು, ಗಾಳಿ ತುಂಬಿದರು, ಔಷಧ ಎಳೆದರು, ಬೆರಳಿನಿಂದ ತಟ್ಟಿ ಗುಳ್ಳೆ ಓಡಿಸಿದರು. ಕೈಗಳಲ್ಲಿ ಒಂದು ದೋಷವೂ ಇರಲಿಲ್ಲ. "ಹತ್ತು," ಎಂದು ನನ್ನೆದುರು ಹಿಡಿದರು.

"ಎಂಟಿದೆ, ಮೇಡಂ."

"ಇನ್ನೂ ಕುರುಡೀನೇ ನೀನು! ಬಾರೇ ಇಲ್ಲಿ, ನೀನ್ ಹೇಳು."

ಮುಂದೆ ನಿಂತಿದ್ದ ವಿದ್ಯಾರ್ಥಿನಿ ಬಗ್ಗಿ ನೋಡಿದಳು. "ಎಂಟೇ, ಮೇಡಂ."

ಆ ಸಿರಿಂಜಿನಲ್ಲಿ ಒಂದು ಗೆರೆಗೆ ಎರಡು ಯೂನಿಟ್. ನನಗೆ ಥಟ್ಟನೆ ಹೊಳೆಯಿತು. ಹೊಸ ಸಿರಿಂಜಿಗೆ ಹತ್ತು ಎಳೆದು, ಎಲ್ಲರಿಗೂ ತೋರಿಸಿ, ಕೊನೆಗೆ ಅವರ ಮುಂದೆ ಹಿಡಿದೆ.

"ಇದೆಷ್ಟು?"

ಅವರು ಕಣ್ಣು ಕಿರಿದುಗೊಳಿಸಿದರು. "ಹನ್ನೆರಡು."

ಯಾರೂ ನಗಲಿಲ್ಲ. ಅವರು ವಿದ್ಯಾರ್ಥಿನಿಯರ ಮುಖಗಳನ್ನು ನೋಡಿ, ನಿಧಾನವಾಗಿ ನನ್ನತ್ತ ತಿರುಗಿದರು.

"ಆವತ್ತು..."

"ಆವತ್ತೂ ಹತ್ತೇ ಇತ್ತು. ಸಕ್ಕರೆ ನಿಮ್ ಕಣ್ಣಿಗೆ ಆಗಲೇ ಇಳಿದಿತ್ತು."

ಎರಡೂ ಸಿರಿಂಜುಗಳನ್ನು ಅವರ ಕಣ್ಣೆದುರೇ ಸಿಂಕಿಗೆ ಚಿಮ್ಮಿಸಿದೆ. ಕಣ್ಣಿನ ವೈದ್ಯರಿಗೆ ಕರೆ ಹೋಯಿತು; ಅಂದಿನ ಬಿಡುಗಡೆ ರದ್ದಾಯಿತು. ಗೆರೆಗಳಿಲ್ಲದ, ತಿರುಗಿಸಿದಂತೆ ಯೂನಿಟ್ಟಿಗೊಮ್ಮೆ ಟಿಕ್ ಎನ್ನುವ ಇನ್ಸುಲಿನ್ ಪೆನ್ನನ್ನು ಅವರ ಕೈಗಿಟ್ಟೆ.

"ಈ ಹುಡುಗೀರ್ನ ಕಳಿಸಮ್ಮಾ," ಎಂದರು, ತಗ್ಗಿದ ದನಿಯಲ್ಲಿ.

"ಯಾಕೆ? ನಿಂತು ನೋಡ್ಲಿ. ಗಟ್ಟಿಯಾಗಿ ಎಣಿಸಿ, ಮೇಡಂ."

ಅವರು ಎಣಿಸಿದರು. ಹತ್ತಕ್ಕೆ ನಿಂತರು. ಎಣಿಕೆ ಸರಿಯಾಗಿಯೇ ಇತ್ತು.

"ಇನ್ನೊಂದ್ ಸಲ," ಎಂದೆ.