ಕಡ್ಡಿಹುಳದ ಊರು

ಯಲ್ಲಾಪುರದ ಸಾರಿಗೆ ಇತಿಹಾಸವನ್ನು ಯಾರಾದರೂ ಬರೆಯುವುದಿದ್ದರೆ, ಗೇಣುದ್ದದ ಒಂದು ಕಡ್ಡಿಹುಳ ಹತ್ತು ಚಕ್ರದ ಲಾರಿಯೊಂದನ್ನು ಮುಕ್ಕಾಲು ಗಂಟೆ ತಡೆದು ನಿಲ್ಲಿಸಿದ ಆ ಸೋಮವಾರಕ್ಕೆ ಒಂದು ಅಧ್ಯಾಯವನ್ನಾದರೂ ಮೀಸಲಿಡಬೇಕು.

ಲಾರಿ ಹನೀಫ್ ಸಾಹೇಬರದು. ಅವರ ಮಗಳು ಸಾಮಿಯಾ ಧಾರವಾಡದಲ್ಲಿ ಕೃಷಿ ಪದವಿಯ ಎರಡನೆಯ ವರ್ಷದಲ್ಲಿದ್ದಳು. ಮನೆತನದಲ್ಲಿ ಯಾರಿಗೂ ಒಂದು ಗುಂಟೆ ಜಮೀನಿಲ್ಲ. ಮೂರು ತಲೆಮಾರಿನಿಂದ ಬೇರೆಯವರು ಬೆಳೆದದ್ದನ್ನು ಹೊತ್ತು ತಿರುಗಿದ್ದಷ್ಟೇ. ಹಾಗಾಗಿ ಕ್ಲಾಸಿನಲ್ಲಿ ಅವಳಿಗೆ ‘ಲಾರಿ ಬೇಸಾಯ’ ಎಂದು ಅಡ್ಡಹೆಸರು. ಕೀಟಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಗೆ ಹತ್ತು ಬೇರೆ ಬೇರೆ ಗಣಗಳ ಐವತ್ತು ಕೀಟ ಹಿಡಿದು, ಸೂಜಿ ಚುಚ್ಚಿ, ಪೆಟ್ಟಿಗೆಯಲ್ಲಿ ಜೋಡಿಸಿ ಒಪ್ಪಿಸಬೇಕು. ಒಂದು ಗಣ ಕಡಿಮೆಯಾದರೂ ಪೆಟ್ಟಿಗೆ ವಾಪಸ್. ಪೆಟ್ಟಿಗೆ ವಾಪಸಾದರೆ ಅದೇ ವಿಷಯವನ್ನು ಮುಂದಿನ ವರ್ಷ ಮತ್ತೆ ಓದಬೇಕು. ತೋಟವಿದ್ದ ಸಹಪಾಠಿಗಳು ಆಳುಗಳಿಗೆ ಹೇಳಿ ಡಬ್ಬಿಗಟ್ಟಲೆ ತರಿಸಿಕೊಂಡಿದ್ದರು. ಸಾಮಿಯಾ ಹದಿನೈದು ದಿನದ ರಜೆಯಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಪೊದೆ, ಗ್ಯಾರೇಜಿನ ಹಳೇ ಟಯರು, ಮಸೀದಿಯ ಬಾವಿಕಟ್ಟೆ ಎಲ್ಲ ಜಾಲಾಡಿ ನಲವತ್ತೊಂಬತ್ತು ಹಿಡಿದಿದ್ದಳು. ಗಣಗಳು ಮಾತ್ರ ಒಂಬತ್ತೇ. ಪರೀಕ್ಷೆ ಮಂಗಳವಾರ. ಧಾರವಾಡದ ಬಸ್ಸು ಸೋಮವಾರ ಒಂಬತ್ತೂವರೆಗೆ.

ಸೋಮವಾರ ಎಂಟಕ್ಕೆ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದವಳು ಬ್ರಷ್ಷನ್ನು ಬಾಯಿಂದ ತೆಗೆದಳು.

“ಅಬ್ಬಾ, ಲಾರಿ ಮುಟ್ಬೇಡಿ.”

ನೀರಿನ ಪೈಪು ಹಿಡಿದು ಲಾರಿಯ ಮುಖ ತೊಳೆಯಲು ಹೊರಟಿದ್ದ ಹನೀಫ್ ನಿಂತರು. “ಎಂತ ಆಯ್ತು?”

“ತಾಡಪಾಲಿನ ಹಗ್ಗದ ಮೇಲೆ ಕಡ್ಡಿ ನಡೀತಾ ಇದೆ.”

ಅಜ್ಜಿ ಜೊಹರಾ ಕನ್ನಡಕ ಏರಿಸಿ ನೋಡಿದರು. “ಕಡ್ಡಿ ನಡೆಯೂದಲ್ಲ, ನಿನ್ನ ತಲೆ ತಿರುಗೂದು. ಹದಿನೈದು ದಿನದಿಂದ ಸಮಾ ಉಂಡಿದ್ದೀಯಾ?”

ಕಡ್ಡಿ ಇನ್ನೊಂದು ಹೆಜ್ಜೆ ಇಟ್ಟಿತು. ಅಜ್ಜಿ ಕನ್ನಡಕ ಒರೆಸಿಕೊಂಡರು.

ಕಡ್ಡಿಹುಳವನ್ನು ಎಳೆದರೆ ಅದು ಕಾಲನ್ನು ನಮ್ಮ ಕೈಯಲ್ಲೇ ಬಿಟ್ಟು ಹೋಗುತ್ತದೆ. ಆರು ಕಾಲಿಲ್ಲದ ಕೀಟಕ್ಕೆ ಅಂಕವಿಲ್ಲ. ಸಾಮಿಯಾ ಲಾರಿ ಹತ್ತಿ, ಕಸಬರಿಗೆಯ ಹಿಡಿಕಡ್ಡಿಯೊಂದನ್ನು ಅದರ ಮುಂದೆ ಸೇತುವೆಯ ಹಾಗೆ ಒಡ್ಡಿದಳು. ಕೆಳಗೆ ಹನೀಫ್ ತಮಗೆ ಗೊತ್ತಿದ್ದ ವಿದ್ಯೆಯನ್ನೇ ಬಳಸಿದರು.

“ಬರ್ಲಿ, ಬರ್ಲಿ... ಸ್ವಲ್ಪ ಲೆಫ್ಟಿಗೆ ಹೊಡಿ... ಹಾಂ, ಸೀದಾ ಬರ್ಲಿ... ಸಾಕು.”

ಹುಳ ಹಿಡಿಕಡ್ಡಿಗೆ ಹತ್ತಿತು. ಆರೂ ಕಾಲು ಇದ್ದವು. ಸಾಮಿಯಾ ಎರಡೆರಡು ಸಲ ಎಣಿಸಿದಳು. ಅಜ್ಜಿ ತಮ್ಮ ಸಮಾಧಾನಕ್ಕೆ ಮೂರನೆಯ ಸಲ ಎಣಿಸಿದರು. ಹತ್ತನೆಯ ಗಣ ಬಾಟಲಿ ಸೇರಿತು.

ಇನ್ನು ಚೀಟಿ. ಪ್ರತಿ ಕೀಟದ ಸೂಜಿಗೂ ಉಗುರಗಲದ ಚೀಟಿ ಇರಬೇಕು: ಸಿಕ್ಕ ಊರು, ತಾರೀಕು, ಕೂತಿದ್ದ ಗಿಡ. ಚೀಟಿಯಿಲ್ಲದ ಕೀಟ ಲೆಕ್ಕಕ್ಕಿಲ್ಲ. ಸಾಮಿಯಾ ಡ್ರೈವರ್ ಸತೀಶನ ಕಡೆ ತಿರುಗಿದಳು. ಅವನು ಭಾನುವಾರ ದಾಸನಕೊಪ್ಪದಿಂದ ಜೋಳ ತುಂಬಿಕೊಂಡು ಶಿರಸಿಯ ಮೇಲೆ ಬಂದಿದ್ದ. ಎಂಟಕ್ಕೇ ಅಂಕೋಲೆಗೆ ಹೊರಡಬೇಕಿತ್ತು.

“ಸತೀಶಣ್ಣ, ನಿನ್ನೆ ಲಾರಿ ಎಲ್ಲಿ ನಿಲ್ಸಿದ್ದೆ?”

“ಎಲ್ಲೂ ಇಲ್ಲ. ದಾಸನಕೊಪ್ಪ ಬಿಟ್ಟೆ, ಇಲ್ಲಿ ಇಳ್ದೆ.” ಹದಿನೈದು ವರ್ಷದಿಂದ ಅವನು ಸಾಹೇಬರಿಗೆ ಕೊಡುತ್ತ ಬಂದ ಉತ್ತರ ಅದು.

ಸಾಮಿಯಾ ಹಗ್ಗದ ಸಂದಿಯಿಂದ ಮುರಿದ ಕೊಂಬೆಯ ತುದಿಯೊಂದನ್ನು ಎಳೆದಳು. ಎಲೆಗಳ ಅಂಚು ಅರ್ಧ ತಿಂದಂತಿತ್ತು. “ಇದು ಪೇರಲೆ. ಈ ಹುಳ ಓಡೋ ಲಾರಿ ಹತ್ತೋ ಪೈಕಿ ಅಲ್ಲ. ಎಲ್ಲೋ ಪೇರಲೆ ಮರದ ಅಡಿಗೆ ತುಂಬಾ ಹೊತ್ತು ನಿಂತಿದೆ ಲಾರಿ.”

“ತುಂಬಾ ಹೊತ್ತು?” ಎಂದರು ಹನೀಫ್.

“ಯಲ್ಲಾಪುರ ಅಂತ ಬರ್ಕೊ ಮಾರಾಯ್ತಿ,” ಎಂದ ಸತೀಶ. “ಹುಳಕ್ಕೇನು ಆಧಾರ್ ಕಾರ್ಡು ಇದೆಯಾ?”

“ಸುಳ್ಳು ಊರು ಬರೆದ್ರೆ, ನಾಳೆ ಯಾರೋ ಓದಿ ಇದು ಇಲ್ಲಿರ್ತದೆ ಅಂತ ನಂಬ್ತಾರೆ. ಬರೆಯೂದಿಲ್ಲ ನಾನು.” ಅವಳು ಖಾಲಿ ಚೀಟಿಯನ್ನು ಅವನ ಮುಂದೆ ಹಿಡಿದಳು. “ಊರು ಹೇಳು, ಇಲ್ಲ ಅಂದ್ರೆ ನಂಗೆ ಇನ್ನೊಂದು ವರ್ಷ.”

ಗಡಿಯಾರ ಒಂಬತ್ತರ ಹತ್ತಿರವಿತ್ತು. ಇವಳನ್ನು ಒಂದನೇ ಕ್ಲಾಸಿಗೆ ಇದೇ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಹೋದವನು ಸತೀಶ. ಅವನು ಅವಳನ್ನು ನೋಡಿದ, ಸಾಹೇಬರನ್ನು ನೋಡಿದ, ಆಮೇಲೆ ಕ್ಯಾಬಿನ್ನಿನ ಬಾಗಿಲು ತೆಗೆದು ಸೀಟಿನ ಅಡಿಯಿಂದ ಮೊಳದುದ್ದದ ಹೊಳೆಯುವ ಕಪ್ ಒಂದನ್ನು ಹೊರಗೆಳೆದ.

“ಹೆಗಡೆಕಟ್ಟಾ. ಮೈದಾನದ ಬೇಲಿ ಹತ್ರ ಪೇರಲೆ ಮರ. ಫೈನಲ್ ಇತ್ತು, ಸಾಹೇಬ್ರೆ. ಐದು ವಿಕೆಟ್.”

ಹೆಗಡೆಕಟ್ಟಾ ಆ ದಾರಿಯಲ್ಲಿಲ್ಲ ಎಂದು ಹನೀಫರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪೈಪಿನ ನೀರು ಅವರ ಚಪ್ಪಲಿಯ ಮೇಲೆ ಹರಿಯುತ್ತಿತ್ತು.

“ಐದು ಅಂದ್ರೆ ಜಾಸ್ತಿಯಾ, ಕಡಿಮೆಯಾ?” ಎಂದು ಕೇಳಿದರು ಜೊಹರಾ.

“ಜಾಸ್ತಿ,” ಎಂದು ಹನೀಫರ ಬಾಯಿಂದ ಬಂದುಹೋಯಿತು. ಪೈಪನ್ನು ಪಕ್ಕಕ್ಕೆ ಹಾಕಿ, “ಎದುರು ಯಾರು?”

“ಸಿದ್ದಾಪುರದವರು.”

“ಹೂಂ.”

ಸಾಮಿಯಾ ಆಗಲೇ ಬಾನೆಟ್ಟಿನ ಮೇಲೆ ಚೀಟಿ ಇಟ್ಟುಕೊಂಡು ಬರೆಯುತ್ತಿದ್ದಳು: ಹೆಗಡೆಕಟ್ಟಾ, ಆಟದ ಮೈದಾನ, ಪೇರಲೆ. ಶಾಯಿ ಆರಲು ಅಜ್ಜಿ ಊದಿದರು. ಪೆಟ್ಟಿಗೆ, ಬಾಟಲಿ ಎರಡನ್ನೂ ಎದೆಗವಚಿಕೊಂಡು ಅವಳು ಓಡಿದ ರಭಸಕ್ಕೆ ದುಪಟ್ಟಾ ಗೇಟಿಗೆ ಸಿಕ್ಕಿ ಅಲ್ಲೇ ಉಳಿಯಿತು; ಸತೀಶ ಅದನ್ನು ಹಿಡಿದು ಹಿಂದೆ ಓಡಿದ. ಬಸ್ಸು ಸಿಕ್ಕಿತು.

ಸಾಮಿಯಾಳ ಪೆಟ್ಟಿಗೆಗೆ ಐವತ್ತಕ್ಕೆ ನಲವತ್ತಾರು ಅಂಕ ಬಂತು. ಸತೀಶನಿಗೆ ಆರು ಭಾನುವಾರ ಡ್ಯೂಟಿ ಬಿತ್ತು.