ಕೆಂಪರಾಜು ಸೋತ ದಿನ

ಪೆನ್‌ಡ್ರೈವ್ ಸಿಗುತ್ತಿಲ್ಲ. ಚಲಪತಿ ಮೇಜಿನ ಖಾನೆಯನ್ನೇ ಎಳೆದು ಮಂಚದ ಮೇಲೆ ಸುರಿದಿದ್ದ. ಹಳೆಯ ಚಾರ್ಜರುಗಳು, ಖಾಲಿ ದಾರದ ರೀಲುಗಳು, ನಿಂತುಹೋದ ಗಡಿಯಾರ. ಎಲ್ಲವನ್ನೂ ಪಕ್ಕಕ್ಕೆ ತಳ್ಳುತ್ತಾ ತನಗೇ ತಿಳಿಯದೆ ಸಿಳ್ಳೆ ಹಾಕುತ್ತಿದ್ದ. ಸಿಳ್ಳೆ ಹಾಕುವ ಜಾಯಮಾನದವನಲ್ಲ ಅವನು. ಹೆಂಡತಿ ಮಾಲಿನಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು.

"ರಜಾ ದಿನ ಎಲ್ಲಿಗೆ?"

"ಕೆಂಪರಾಜು ಊರಿಗೆ. ಫೋನ್ ಮಾಡಿದ್ದ. ಅವನ ಕಂಪ್ಯೂಟರಿಗೂ ಲಿನಕ್ಸ್ ಹಾಕ್ಕೊಡ್ಬೇಕಂತೆ."

"ಹೂಂ."

"ಹೂಂ ಅಲ್ಲ. ಇಷ್ಟು ವರ್ಷ ಆದ್ಮೇಲೆ ಒಪ್ಕೊಂಡ ಅವನು."

ಬರುವಾಗ ಕೊತ್ತಂಬರಿ ಸೊಪ್ಪು ತರಬೇಕೆಂದು ಹೇಳಿ ಮಾಲಿನಿ ಒಳಗೆ ಹೋದಳು. ಚಲಪತಿಗೆ ಬೇಸರವೇನೂ ಆಗಲಿಲ್ಲ. ಅವರಿಬ್ಬರ ನಡುವೆ ಜಗಳವೆಂಬುದೇ ಇರಲಿಲ್ಲ. ಕೊತ್ತಂಬರಿ, ಗ್ಯಾಸು, ಕರೆಂಟು ಬಿಲ್ಲು, ಇಷ್ಟರ ಮೇಲೆ ಸಂಸಾರ ಸಲೀಸಾಗಿ ಉರುಳುತ್ತಿತ್ತು. ಅದನ್ನೇ ಅವನು ಸುಖವೆಂದುಕೊಂಡಿದ್ದ. ಸುಖವಲ್ಲವೆಂದು ಹೇಳುವವರು ಯಾರೂ ಇರಲಿಲ್ಲ.

ಪೆನ್‌ಡ್ರೈವ್ ಅವನ ಅಂಗಿಯ ಜೇಬಿನಲ್ಲೇ ಇತ್ತು.

ಕೆಲಮಂಗಲ ದಾಟಿ ಸ್ಕೂಟರು ಉದ್ದನಪಲ್ಲಿಯ ದಾರಿ ಹಿಡಿಯಿತು. ಸೋತವನನ್ನು ಹಂಗಿಸಬಾರದು ಎಂದು ಚಲಪತಿ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದ. 'ಯಾರು ಗೆದ್ದರೇನ್ಲಾ, ನಿನ್ನ ಮಿಷನ್ನು ಚೆನ್ನಾಗಿ ಓಡಬೇಕು, ಅಷ್ಟೆ.' ಈ ಔದಾರ್ಯ ಅವನಿಗೇ ಬಹಳ ಹಿಡಿಸಿತು. ಟೊಮೇಟೊ ಹೇರಿದ ಲಾರಿಯ ಹಿಂದೆ ಸಿಕ್ಕಿಕೊಂಡಾಗಲೂ ಸಿಟ್ಟು ಬರಲಿಲ್ಲ.

ಇಬ್ಬರೂ ಹೊಸೂರಿನ ಒಂದೇ ಕಾರ್ಖಾನೆಯವರು. ಚಲಪತಿ ಎಂ.ಎಸ್ಸಿ. ಮಾಡಿ ಕಂಪ್ಯೂಟರ್ ವಿಭಾಗದಲ್ಲಿದ್ದ. ಕೆಂಪರಾಜು ಡಿಪ್ಲೊಮಾ ಮಾಡಿ ಸ್ಟೋರಿನಲ್ಲಿದ್ದ. ಕಂಪನಿ ಬಸ್ಸಿನಲ್ಲಿ ಅಕ್ಕಪಕ್ಕದ ಸೀಟು. ವಾದ ಹೇಗೆ ಶುರುವಾಯಿತೋ ಇಬ್ಬರಿಗೂ ಮರೆತಿತ್ತು, ನಿಂತದ್ದು ಮಾತ್ರ ಒಂದು ದಿನವೂ ಇಲ್ಲ. ಎಲ್ಲರ ಕಂಪ್ಯೂಟರಿನಲ್ಲೂ ಇರುವ ವಿಂಡೋಸೇ ಸಾಕು, ನನಗೆ ಗಾಡಿ ಓಡಿದರಾಯಿತು ಎಂದು ಕೆಂಪರಾಜು. ಬಾನೆಟ್ಟಿಗೆ ಬೀಗ ಜಡಿದು ಮಾರಿದ ಗಾಡಿಯನ್ನು ಯಾವನು ಕೊಳ್ಳುತ್ತಾನೆ, ಲಿನಕ್ಸ್ ಆದರೆ ಬಿಟ್ಟಿ, ಒಳಗೇನಿದೆಯೆಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು ಎಂದು ಚಲಪತಿ. ಹಾಗಾದರೆ ನೀನು ಎಷ್ಟು ಸಲ ಬಿಚ್ಚಿ ನೋಡಿದ್ದೀಯ ಎಂದು ಕೆಂಪರಾಜು. ಹಿಂದಿನ ಸೀಟಿನವರು ನಗುತ್ತಿದ್ದರು. ಹಬ್ಬದ ದಿನ ಟೀವಿಯಲ್ಲಿ ಎರಡು ಪಕ್ಷವಾಗಿ ಕೂತು ವಾದ ಮಾಡುತ್ತಾರಲ್ಲ, ಆ ತಮಿಳು ಹೆಸರನ್ನೇ ಡ್ರೈವರು ಇವರಿಗೂ ಇಟ್ಟಿದ್ದ. ಪಟ್ಟಿಮನ್ರಂ.

ಚಲಪತಿ ದಿನವಿಡೀ ಆ ಬಸ್ಸಿಗಾಗಿ ಕಾಯುತ್ತಿದ್ದ. ಅಲ್ಲಿ ಕೂತಾಗ ಅವನ ದನಿ ಬದಲಾಗುತ್ತಿತ್ತು, ಕೈಗಳು ಓಡಾಡುತ್ತಿದ್ದವು, ತಾನು ಇಂಥವನೆಂದು ಅವನಿಗೇ ಗೊತ್ತಾಗುತ್ತಿತ್ತು. ಅಪ್ಪ ತೀರಿಕೊಂಡು, ತಿಥಿ ಮುಗಿಸಿ, ಬೋಳು ತಲೆಯಲ್ಲಿ ಕೆಲಸಕ್ಕೆ ಮರಳಿದ ದಿನವೂ ಅವನು ಸೀಟಿನಲ್ಲಿ ಕೂತವನೇ ಲಿನಕ್ಸಿನ ಹೊಸ ಆವೃತ್ತಿಯ ಮಾತೆತ್ತಿದ್ದ. ಕೆಂಪರಾಜು ಅವನ ತಲೆಯನ್ನು ಒಂದು ಗಳಿಗೆ ನೋಡಿ, ಆಮೇಲೆ ಎಂದಿನಂತೆ ಎದುರುತ್ತರ ಕೊಟ್ಟಿದ್ದ. ಆವತ್ತು ಚಲಪತಿಗೆ ಅವನ ಮೇಲೆ ತುಂಬ ಪ್ರೀತಿ ಹುಟ್ಟಿತ್ತು.

ಮನೆಯ ಮುಂದೆ ಕೆಂಪರಾಜು ಕೆಸರುಗಾಲಲ್ಲಿ ನಿಂತಿದ್ದ. ಅವನ ಹೆಂಡತಿ ರಾಮಕ್ಕ ಕಾಫಿ ತಂದು, ಊಟ ಮಾಡಿಯೇ ಹೋಗಬೇಕು, ಅವರೆಕಾಳಿನ ಸಾರು ಮಾಡಿದ್ದೀನಿ ಎಂದಳು. ಚಲಪತಿಯ ಕಣ್ಣು ಕಂಪ್ಯೂಟರನ್ನು ಹುಡುಕುತ್ತಿತ್ತು. ಅದು ಎಲ್ಲೂ ಕಾಣಲಿಲ್ಲ.

ಕೆಂಪರಾಜು ಏಣಿ ಹಾಕಿ ಅಟ್ಟ ಹತ್ತಿದ. ಗೊಬ್ಬರದ ಖಾಲಿ ಚೀಲಗಳನ್ನು ಸರಿಸಿ, ಹಳೆ ಸೀರೆಯಲ್ಲಿ ಕಟ್ಟಿದ್ದ ಗಂಟೊಂದನ್ನು ಇಳಿಸಿದ. ಗಂಟು ಬಿಚ್ಚಿದಾಗ ಧೂಳು ಎದ್ದು ಇಬ್ಬರೂ ಕೆಮ್ಮಿದರು.

"ಇದ್ಯಾಕ್ಲಾ ಅಟ್ಟದ ಮೇಲೈತೆ?"

"ಯಾರ್ ಮುಟ್ತಾರೆ ಬಿಡ್ಲಾ. ನಮ್ಮೂರ್ ಕನ್ನಡ ಸ್ಕೂಲಿಗೆ ಕೊಟ್ಬುಡಾಣ ಅಂತ. ಹಳೇ ಮಿಷನ್ನಿಗೆ ನಿನ್ ಲಿನಕ್ಸೇ ಸರಿಯಾಯ್ತದೆ ಅಂದ್ರು ಮುತ್ತರಾಯಪ್ಪ ಮೇಷ್ಟ್ರು."

ಚಲಪತಿ ವೈರುಗಳನ್ನು ಸಿಕ್ಕಿಸಿದ. ಪೆನ್‌ಡ್ರೈವ್ ಚುಚ್ಚಿದ. ಕೈಗಳು ತಮ್ಮ ಕೆಲಸ ತಾವು ಮಾಡುತ್ತಿದ್ದವು. ಪರದೆಯ ಮೇಲೆ ಒಂದು ಗೆರೆ ಮೂಡಿ ನಿಧಾನವಾಗಿ ಬಲಕ್ಕೆ ಬೆಳೆಯತೊಡಗಿತು. ಈ ಕಂಪ್ಯೂಟರ್ ಕೊನೆಯ ಸಲ ಯಾವಾಗ ಹಚ್ಚಿದ್ದು ಎಂದು, ಏನೂ ಅಲ್ಲವೆಂಬಂತೆ ಕೇಳಿದ.

ಒಳಗಿಂದ ರಾಮಕ್ಕ ನಕ್ಕಳು. "ಅದ್ ಹಚ್ಚಿ ಎಷ್ಟ್ ಯುಗಾದಿ ಆಯ್ತೋ ಅಣ್ಣ. ಇವ್ರು ಆ ವಿಂಡೋಸ್ ಇಚಾರ ಎಲ್ಲಾ ಫೋನ್ನಾಗೇ ಓದ್ಕಂಡ್ ಬಸ್ಸಿಗೆ ಹೋಯ್ತಾರೆ. ಹಲ್ಲುಜ್ಜಾವಾಗ್ಲೂ ಅದೇಯ. ಚಲಪತಿಗೆ ಇವತ್ತೇನ್ ಹೇಳ್ಲಿ, ಚಲಪತಿಗೆ ಇವತ್ತೇನ್ ಹೇಳ್ಲಿ ಅಂತ."

ಕೆಂಪರಾಜು ನಾಚಿಕೊಂಡು ಕಾಲಿನ ಕೆಸರು ಕೆರೆಯುತ್ತಾ ಕೂತ.

"ಮತ್ತೆ ಇಷ್ಟ್ ವರ್ಷ ಯಾಕ್ಲಾ ವಾದ ಮಾಡ್ದೆ ನನ್ ಜೊತೆ?"

"ನಿಂಗೆ ಬ್ಯಾರೆ ಮಾತು ಬರಾಕಿಲ್ವಲ್ಲಾ. ಸುಮ್ಕೆ ಕುಂತ್ರೆ ನಿನ್ ಮೊಕ ನೋಡಾಕಾಗ್ತಿರ್ನಿಲ್ಲ ಕಣ್ಲಾ."

ಇದನ್ನು ಅವನು ಅಕ್ಕರೆಯಿಂದಲೇ ಹೇಳಿದ. ಚಲಪತಿಗೆ ಕೆನ್ನೆ ಬಿಸಿಯಾಯಿತು. ಮೊದಲು ಸಿಟ್ಟು ಬಂತು, ಅದರ ಬೆನ್ನಿಗೇ ನಾಚಿಕೆ. ಎದ್ದು ಹೋಗೋಣವೆಂದರೆ ಪರದೆಯ ಗೆರೆ ಇನ್ನೂ ಅರ್ಧವೂ ಬೆಳೆದಿರಲಿಲ್ಲ. ಬೇರೆ ಏನಾದರೂ ಮಾತಾಡಬೇಕು, ಈಗಲೇ ಮಾತಾಡಬೇಕು, ಇಲ್ಲವಾದರೆ ಇವನು ಹೇಳಿದ್ದು ನಿಜವಾಗಿಬಿಡುತ್ತದೆ ಎಂದು ಅವನಿಗೆ ದಿಗಿಲಾಯಿತು.

"ಮತ್ತೆ, ಎಲ್ಲಾ ಚೆನ್ನಾಗಿದೀರಾ?" ಎಂದ.

ಚೆನ್ನಾಗಿದ್ದೀವಿ ಎಂದ ಕೆಂಪರಾಜು. ಅಲ್ಲಿಗೆ ಆ ಮಾತು ಮುಗಿಯಿತು.

ರಾಮಕ್ಕ ಮುದ್ದೆ ಬಡಿಸುತ್ತಾ ಮಾಲಿನಿಯ ಬಗ್ಗೆ ಕೇಳಿದಳು. ಯಾವುದೋ ಮದುವೆಯಲ್ಲಿ ಇಬ್ಬರೂ ರಾತ್ರಿಯಿಡೀ ಹರಟಿದ್ದರಂತೆ. ಎಷ್ಟು ಚೆನ್ನಾಗಿ ಹೊಲಿಯುತ್ತಿದ್ದಳು, ಈಗಲೂ ಹೊಲೀತಾಳಾ ಎಂದಳು. ಹೂಂ ಎಂದ ಚಲಪತಿ. ತನ್ನ ಲ್ಯಾಪ್‌ಟಾಪು ಇಟ್ಟುಕೊಂಡಿರುವ ಮೇಜು ಹೊಲಿಗೆ ಮಿಷನ್ನಿನದೆಂಬುದು ಮುದ್ದೆ ನುಂಗುವಾಗ ಅವನಿಗೆ ನೆನಪಾಯಿತು. ಮಿಷನ್ನನ್ನು ಯಾವತ್ತು ಎತ್ತಿಟ್ಟರು, ಎತ್ತಿಡುವಾಗ ಅವಳೇನಾದರೂ ಅಂದಳೇ ಎಂದು ಯೋಚಿಸಿದ. ನೆನಪಾಗಲಿಲ್ಲ. ಸಾರು ಚೆನ್ನಾಗಿತ್ತು. ಎರಡನೇ ಸಲ ಹಾಕಿಸಿಕೊಂಡ.

ಗೆರೆ ಬೆಳೆಯುತ್ತಲೇ ಇತ್ತು. ಅಲ್ಲಿಯವರೆಗೆ ತೋಟ ನೋಡು ಬಾ ಎಂದು ಕೆಂಪರಾಜು ಮನೆಯ ಹಿಂದಕ್ಕೆ ಕರೆದುಕೊಂಡು ಹೋದ. ಪ್ಲಾಸ್ಟಿಕ್ ಹೊದಿಸಿದ ಎತ್ತರದ ಶೆಡ್ಡು. ಒಳಗೆ ಸೆಕೆ, ಹಸಿ ಮಣ್ಣಿನ ವಾಸನೆ, ಸಾಲು ಸಾಲು ಗುಲಾಬಿ ಗಿಡ. ಇವನು ಹೂ ಬೆಳೆಯುತ್ತಾನೆಂಬುದೇ ಚಲಪತಿಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ. ಕೆಂಪರಾಜು ಸೊಂಟಕ್ಕೆ ಕಟ್ಟಿದ ಚೀಲದಿಂದ ಬಿಳಿ ಬಲೆಯ ಪುಟ್ಟ ಟೋಪಿಗಳನ್ನು ತೆಗೆದು ಒಂದೊಂದು ಮೊಗ್ಗಿಗೂ ಒಂದೊಂದನ್ನು ತೊಡಿಸುತ್ತಾ ಹೊರಟ. ಅರಳಿಬಿಟ್ಟರೆ ಹೂವನ್ನು ಯಾರೂ ಕೊಳ್ಳುವುದಿಲ್ಲವಂತೆ. ಟೋಪಿ ಹಾಕಿದರೆ ಮೊಗ್ಗು ಒಳಗೇ ದಪ್ಪವಾಗುತ್ತದೆ, ಬಾಯಿ ಬಿಡುವುದಿಲ್ಲವಂತೆ.

ಅವನ ಬೆನ್ನು ಇತ್ತ ಇದ್ದುದರಿಂದ ಚಲಪತಿಗೆ ಧೈರ್ಯ ಬಂತು.

"ಕೆಂಪರಾಜು, ನಮ್ಮಪ್ಪ ಸತ್ತಾಗ," ಎಂದ.

ಕೆಂಪರಾಜುವಿನ ಕೈ ಮೊಗ್ಗಿನ ಮೇಲೆ ನಿಂತಿತು. ಅವನು ತಿರುಗಿದ. ಕಾದ. ಅವನ ಮುಖದಲ್ಲಿ ಅವಸರವಿರಲಿಲ್ಲ. ಎಷ್ಟು ಹೊತ್ತು ಬೇಕಾದರೂ ಕೇಳಿಸಿಕೊಳ್ಳಲು ಸಿದ್ಧನಿದ್ದ ಎಂಬುದು ಕಾಣುತ್ತಿತ್ತು. ಚಲಪತಿ ಮುಂದಿನ ಮಾತಿಗಾಗಿ ಒಳಗೆ ತಡಕಿದ. ಬಹಳ ದುಃಖ ಒಳಗಿರಬಹುದು, ಒಂದು ದಿನ ತಾನಾಗಿ ಹೊರಗೆ ಬರುತ್ತದೆ ಎಂದು ಅವನು ಇಷ್ಟು ವರ್ಷ ನಂಬಿಕೊಂಡಿದ್ದ. ಈಗ ಹೋಗಿ ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಹೆದರಿಕೆ ಮಾತ್ರ ಇತ್ತು.

"ಏನಿಲ್ಲ," ಎಂದ. "ಸುಮ್ನೆ."

ಕೆಂಪರಾಜು ಅವನನ್ನು ಇನ್ನೊಂದು ಗಳಿಗೆ ನೋಡಿದ. ಆಮೇಲೆ ಗಿಡದ ಕಡೆಗೆ ತಿರುಗಿ, ಟೋಪಿಯನ್ನು ಮೆಲ್ಲಗೆ ಕೆಳಕ್ಕೆ ಎಳೆಯುತ್ತಾ ಹೇಳಿದ.

"ಅದ್ಸರಿ, ವಿಂಡೋಸ್ ಆಗಿದ್ರೆ ಇಷ್ಟೊತ್ಗೆ ಮುಗ್ದೋಗಿರೋದು."

ಅದು ಭಿಕ್ಷೆ ಎಂದು ಚಲಪತಿಗೆ ಚೆನ್ನಾಗಿ ಗೊತ್ತಿತ್ತು. ಎದುರುತ್ತರ ಕೊಡಬಾರದು, ಸುಮ್ಮನಿದ್ದುಬಿಡಬೇಕು ಎಂದುಕೊಂಡ. ಸೆಕೆಗೆ ಬೆನ್ನು ಒದ್ದೆಯಾಯಿತು. ಒಂದು ಸಾಲು ಮುಗಿಯುವವರೆಗೆ ಕೆಂಪರಾಜುವಿನ ಹಿಂದೆಯೇ ನಡೆದ.

"ಅದು ನಿನ್ ಭ್ರಮೆ ಕಣ್ಲಾ," ಎಂದ ಆಮೇಲೆ.

"ಅದೆಂಗ್ಲಾ?"

ಹೇಗೆಂದು ಚಲಪತಿ ವಿವರಿಸಿದ. ಸ್ವಲ್ಪ ಹೊತ್ತಿಗೇ ದನಿ ತನ್ನ ಜಾಡು ಹಿಡಿಯಿತು. ಬೀಗ ಜಡಿದ ಬಾನೆಟ್ಟು ಬಂತು. ಒಳಗೇನಿದೆಯೆಂದು ನೋಡುವ ಹಕ್ಕು ಬಂತು. ಕೈಗಳು ಓಡಾಡತೊಡಗಿದವು, ಎದೆ ಹಗುರಾಯಿತು, ನಿಜವಾದ ನೆಮ್ಮದಿಯೊಂದು ಮೈಯೆಲ್ಲ ಹರಡಿತು. ಇಂಥ ಸುಖ ಎಷ್ಟು ಜನಕ್ಕಿದೆ ಎಂದು ಕೂಡ ಅನ್ನಿಸಿತು. ಕೆಂಪರಾಜು ಸಾಲಿನುದ್ದಕ್ಕೂ ಸರಿಯುತ್ತಾ, ನಡುನಡುವೆ ಹೂಂ ಅನ್ನುತ್ತಾ, ಮೊಗ್ಗಿಗೊಂದು ಟೋಪಿ ಎಳೆಯುತ್ತಿದ್ದ. ಚೀಲ ಬರಿದಾದಾಗ ಈಗ ಬತ್ತೀನಿ ಅಂತ ಕೈಸನ್ನೆ ಮಾಡಿ ಟೋಪಿ ತರಲು ಶೆಡ್ಡಿನ ಆ ತುದಿಗೆ ಹೋದ.

ಚಲಪತಿ ನಿಲ್ಲಿಸಲಿಲ್ಲ. ಮಾತು ಮುಖ್ಯವಾದ ಘಟ್ಟಕ್ಕೆ ಬಂದಿತ್ತು. ಅವನು ಬೆರಳೆತ್ತಿ, ಸ್ಪಷ್ಟವಾಗಿ, ಒಂದೊಂದೇ ಅಂಶವನ್ನು ಬಿಡಿಸಿ ಹೇಳತೊಡಗಿದ. ಎದುರಿಗೆ, ಅವನ ಮುಖದೆತ್ತರಕ್ಕೆ, ಬಿಳಿ ಬಲೆ ತೊಟ್ಟ ಮೊಗ್ಗುಗಳು ಶೆಡ್ಡಿನ ಕೊನೆಯವರೆಗೂ ನಿಂತಿದ್ದವು.